ಹೋಟೆಲ್ಲಾ, ರೆಸ್ಟೋರೆಂಟಾ, ಕೆಫೆನಾ, ಬಿಸ್ಟ್ರೋನಾ? ಬೋರ್ಡ್ ಬರೆಸೋ ಮುಂಚೆ ಒಂದ್ಸಲ ಓದ್ಕೊಳ್ಳಿ

ಬೋರ್ಡು ಮತ್ತೆ ಮೆನು ಕಾರ್ಡ್ ಡಿಸೈನ್ ಮಾಡೋದು ನನ್ನ ಕೆಲಸ. ಊಟದ ಬಿಸಿನೆಸ್ ಶುರು ಮಾಡೋರು ಜಾಗ ಹುಡುಕಿ, ಅಡ್ವಾನ್ಸ್ ಕೊಟ್ಟು, ಭಟ್ರನ್ನ ಗೊತ್ತು ಮಾಡಿ, ಲೈಸೆನ್ಸಿಗೆ ಓಡಾಡಿ ಎಲ್ಲಾ ಮುಗಿದ್ಮೇಲೆ ಕೊನೆಗೆ ನನ್ನ ಹತ್ರ ಬಂದು ಕೂತ್ಕೊಂಡು ಕೇಳೋದು ಇದನ್ನೇ, ಹೆಸರಿನ ಪಕ್ಕ ಏನು ಹಾಕೋಣ ಸಾರ್, ಹೋಟೆಲ್ ಅಂದ್ರೆ ಹಳೇದಾಗುತ್ತೆ, ರೆಸ್ಟೋರೆಂಟ್ ಅಂದ್ರೆ ರೇಟ್ ಜಾಸ್ತಿ ಅನ್ಕೋತಾರೆ, ಕೆಫೆ ಅಂದ್ರೆ ಹುಡುಗ್ರು ಬರ್ತಾರಂತೆ, ಮಗಳು ಬಿಸ್ಟ್ರೋ ಅಂತ ಹಾಕ್ಸಿ ಅಂತಿದಾಳೆ ಅದೇನದು ಅಂತ.

ತಮಾಷೆ ಏನಂದ್ರೆ ಇವೆಲ್ಲಾ ಒಂದೇ ಊರಿನ ಪದಗಳು. ಹೋಟೆಲ್, ರೆಸ್ಟೋರೆಂಟ್, ಕೆಫೆ, ಬಿಸ್ಟ್ರೋ, ಕ್ಯಾಂಟೀನ್, ಮೆಸ್, ಮೆನು, ಬಫೆ, ಕೂಪನ್, ಪಾರ್ಸಲ್, ಎಲ್ಲಾ ಫ್ರೆಂಚಿಂದ ಬಂದಿದ್ದು. ನಮಗೆ ನೇರವಾಗಿ ಬಂದಿದ್ದಲ್ಲ ಬಿಡಿ. ಹೈದರಾಲಿ, ಟಿಪ್ಪು ಹತ್ರ ಫ್ರೆಂಚ್ ಸಿಪಾಯಿಗಳಿದ್ರು, ಅವರು ಬಿಡಾರ ಹೂಡಿದ್ರು ಅಂತ ಈಗಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರೇ ಇತ್ತು, ಆದ್ರೂ ಈ ಪದಗಳು ಆ ದಾರೀಲಿ ಬರ್ಲಿಲ್ಲ, ಇಂಗ್ಲಿಷಿನ ಗಂಟುಮೂಟೆ ಜೊತೆ ಬಂದ್ವು. ಇಂಗ್ಲಿಷಿಗೆ ಅವು ಸೇರಿದ್ದು ಎರಡು ದೊಡ್ಡ ಅಲೆಯಲ್ಲಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ಮೇಲೆ ಆಳೋರ ಭಾಷೆಯಾಗಿ ಬಂದ ಪದಗಳು ಒಂದು ಗುಂಪು, ಆಮೇಲೆ 17-18ನೇ ಶತಮಾನದಿಂದ ಈಚೆಗೆ ಅಡುಗೆ, ಬಟ್ಟೆ, ನಡವಳಿಕೆ ಎಲ್ಲದಕ್ಕೂ ಪ್ಯಾರಿಸ್ ಕಡೆ ನೋಡ್ತಿದ್ದಾಗ ಬಂದ ಪದಗಳು ಇನ್ನೊಂದು ಗುಂಪು.

ಆಯ್ಕೆ ಮಾಡೋವಾಗ ನಾನು ನೋಡೋದು ಮಾತ್ರ ಆ ಪದ ನಮ್ಮ ಬಾಯಲ್ಲಿ ಎಷ್ಟು ಕಾಲದಿಂದ ಓಡಾಡ್ತಿದೆ ಅಂತ. ತುಂಬಾ ಓಡಾಡಿದ ಪದ ಫ್ರಾನ್ಸನ್ನ ಪೂರ್ತಿ ಮರೆತು ನಮ್ಮ ವಸ್ತುವಿಗೇ ಹೆಸರಾಗಿಬಿಟ್ಟಿರುತ್ತೆ, ಮೊನ್ನೆ ಮೊನ್ನೆ ಬಂದಿದ್ದು ಇನ್ನೂ ಪ್ಯಾರಿಸ್ಸಿನ ವಸ್ತುವನ್ನೇ ಹೇಳ್ತಿರುತ್ತೆ. ಮೊದಲನೇ ಥರದ ಪದ ಹಾಕಿದ್ರೆ ಜನ ಏನೂ ಯೋಚಿಸದೆ ಒಳಗೆ ಬರ್ತಾರೆ. ಎರಡನೇ ಥರದ್ದು ಹಾಕಿದ್ರೆ ಗೊತ್ತಿರೋರು ಒಂದು ನಿರೀಕ್ಷೆ ಇಟ್ಕೊಂಡು ಬರ್ತಾರೆ, ಗೊತ್ತಿಲ್ಲದೋರು ಬಾಗಿಲಿಂದಾನೇ ವಾಪಸ್ ಹೋಗ್ತಾರೆ.

ಹೋಟೆಲ್

ಮೊದಲು ಹೋಟೆಲ್ ಇಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಇದಕ್ಕಾದಷ್ಟು ರೂಪಾಂತರ ಬೇರೆ ಯಾವುದಕ್ಕೂ ಆಗಿಲ್ಲ. ಲ್ಯಾಟಿನ್ನಲ್ಲಿ ಹೋಸ್ಪೆಸ್ ಅಂತ ಒಂದು ಪದ, ಅತಿಥಿಗೂ ಅದೇ ಪದ, ಅತಿಥಿಯನ್ನ ಕರೆದು ಉಪಚರಿಸೋನಿಗೂ ಅದೇ. ಅದರಿಂದ ಹೋಸ್ಪಿತಾಲೆ ಅಂದ್ರೆ ಬಂದೋರು ಉಳ್ಕೊಳ್ಳೋ ಜಾಗ. ಹಳೇ ಫ್ರೆಂಚಲ್ಲಿ ಅದು ಹೋಸ್ಟೆಲ್ ಆಯ್ತು, ಆಮೇಲೆ ಫ್ರೆಂಚರು ಮಧ್ಯದ ಸಕಾರ ಉಚ್ಚರಿಸೋದನ್ನ ಬಿಟ್ರು, ಬಿಟ್ಟಿದ್ದಕ್ಕೆ ಗುರುತಾಗಿ ಹಿಂದಿನ ಅಕ್ಷರದ ತಲೆ ಮೇಲೆ ಒಂದು ಚಿಕ್ಕ ಟೋಪಿ ಇಟ್ರು, ಓತೆಲ್ ಆಯ್ತು. ಹಾಗಾಗಿ ನಮ್ಮ ಹಾಸ್ಟೆಲ್ಲು, ಹೋಟೆಲ್ಲು, ಹಾಸ್ಪಿಟಲ್ಲು ಮೂರೂ ಒಂದೇ ತಾಯಿ ಮಕ್ಕಳು. ಹಾಸ್ಟೆಲ್ ಮತ್ತೆ ಹಾಸ್ಪಿಟಲ್ ಸಕಾರ ಇನ್ನೂ ಉಚ್ಚರಿಸ್ತಿದ್ದ ಕಾಲದಲ್ಲೇ ಇಂಗ್ಲಿಷಿಗೆ ಬಂದುಬಿಟ್ವು, ಹೋಟೆಲ್ ತಡವಾಗಿ ಟೋಪಿ ಹಾಕ್ಕೊಂಡ್ಮೇಲೆ ಬಂತು.

ಫ್ರಾನ್ಸಲ್ಲಿ ಈ ಪದ ಬರೀ ರೂಮ್ ಬಾಡಿಗೆಗೆ ಕೊಡೋ ಜಾಗಕ್ಕೆ ಮಾತ್ರ ಅಲ್ಲ. ಓತೆಲ್ ದ ವಿಲ್ ಅಂದ್ರೆ ನಗರಸಭೆ ಕಟ್ಟಡ, ಓತೆಲ್ ಪರ್ತಿಕ್ಯುಲಿಯೆ ಅಂದ್ರೆ ಊರೊಳಗಿನ ಶ್ರೀಮಂತರ ಸ್ವಂತ ಬಂಗಲೆ, ಪ್ಯಾರಿಸ್ಸಿನ ಓತೆಲ್ ದ್ಯೂ ಅನ್ನೋದು ಅಲ್ಲಿನ ಅತಿ ಹಳೇ ಆಸ್ಪತ್ರೆ. ಟೂರಿಗೆ ಹೋದೋರು ಸೂಟ್‌ಕೇಸ್ ಎಳ್ಕೊಂಡು ನಗರಸಭೆ ಬಾಗಿಲಿಗೆ ಹೋಗಿ ನಿಂತ್ರೆ ಆಶ್ಚರ್ಯ ಇಲ್ಲ.

ನಮ್ಮಲ್ಲಿ ಅದು ಮಲಗೋ ಜಾಗ ಅನ್ನೋ ಅರ್ಥಾನ ಹೆಚ್ಚುಕಮ್ಮಿ ಕಳ್ಕೊಂಡು ತಿನ್ನೋ ಜಾಗ ಆಯ್ತು. ಹೋಟ್ಲಿಗೆ ಹೋಗಿ ದೋಸೆ ತಿಂದ್ಕೊಂಡು ಬಂದೆ ಅಂದ್ರೆ ರೂಮ್ ಬುಕ್ ಮಾಡಿದ್ಯಾ ಅಂತ ಯಾರೂ ಕೇಳಲ್ಲ. ಉಡುಪಿ ಹೋಟೆಲ್ ಇದೆ, ಮಿಲಿಟರಿ ಹೋಟೆಲ್ ಇದೆ (ಮಿಲಿಟರಿ ಅನ್ನೋದೂ ಫ್ರೆಂಚಿನ ಮಿಲಿತೇರ್, ಅಂದ್ರೆ ಮುದ್ದೆ ಬೋಟಿ ಗೊಜ್ಜು ಸಿಗೋ ಜಾಗದ ಬೋರ್ಡಲ್ಲಿರೋ ಎರಡೂ ಪದ ಪ್ಯಾರಿಸ್ ಕಡೇವು).

ಯಾರಿಗೆ ಸರಿ? ಬೆಳಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಪ್ಲೇಟ್ ಮೀಲ್ಸ್, ಸಂಜೆ ದೋಸೆ ಕಾಫಿ, ಸುತ್ತಮುತ್ತಲಿನ ಗಿರಾಕಿ, ಕೂತು ತಿಂದು ಎದ್ದು ಹೋಗೋ ವ್ಯಾಪಾರ ಇರೋರು ಕಣ್ಮುಚ್ಕೊಂಡು ಹೋಟೆಲ್ ಅಂತ ಹಾಕಿ. ಹಳೇದು ಅನ್ನೋದು ಇಲ್ಲಿ ಲಾಭಾನೇ, ಜನಕ್ಕೆ ರುಚಿ ಮೇಲೆ ಒಂದು ನಂಬಿಕೆ ಬರುತ್ತೆ. ಒಂದೇ ತೊಂದರೆ, ಪ್ರವಾಸಿಗಳು ಬರೋ ಊರಾದ್ರೆ ಫೋನಲ್ಲಿ ಹೋಟೆಲ್ ಅಂತ ಹುಡುಕಿದೋರು ರೂಮಿದ್ಯಾ ಅಂತ ಕೇಳ್ಕೊಂಡು ಬರ್ತಾರೆ, ಅಂಥ ಕಡೆ ಕೆಳಗೆ ಸಣ್ಣದಾಗಿ ಊಟ ತಿಂಡಿ ಅಂತ ಸೇರಿಸಿದ್ರೆ ಮುಗೀತು.

ರೆಸ್ಟೋರೆಂಟ್

ಇದು ಮೊದಲು ಒಂದು ಜಾಗದ ಹೆಸರೇ ಆಗಿರ್ಲಿಲ್ಲ. ರೆಸ್ತೋರೆ ಅಂದ್ರೆ ಮತ್ತೆ ಮೊದಲಿನಂತೆ ಮಾಡೋದು, ಚೇತರಿಸೋದು. ರೆಸ್ತೋರಾಂ ಅಂದ್ರೆ ಚೇತರಿಸುವಂಥದ್ದು, ಮಾಂಸವನ್ನ ಗಂಟೆಗಟ್ಟಲೆ ಬೇಯಿಸಿ ಇಳಿಸಿದ ಗಟ್ಟಿ ರಸ, ನಮ್ಮನೇಲಿ ಜ್ವರ ಬಿಟ್ಟೋರಿಗೆ ಕೊಡೋ ಮೆಣಸಿನ ಸಾರಿನ ಥರ. ಅಂದ್ರೆ ರೆಸ್ಟೋರೆಂಟ್ ಅನ್ನೋದನ್ನ ಕುಡೀತಿದ್ರು.

1760ರ ದಶಕದಲ್ಲಿ ಪ್ಯಾರಿಸ್ಸಲ್ಲಿ ಈ ರಸ ಮಾರೋಕೆ ಅಂತಾನೇ ಕೆಲವು ಕೋಣೆಗಳು ಶುರುವಾದ್ವು. ಬೂಲಾಂಜೆ ಅನ್ನೋನು 1765ರಲ್ಲಿ ಅಂಗಡಿ ತೆಗೆದು, ಹೊಟ್ಟೆ ಸಂಕಟ ಇರೋರೆಲ್ಲಾ ನನ್ನ ಹತ್ರ ಬನ್ನಿ ಅಂತ ಬೈಬಲ್ ಧಾಟಿಯಲ್ಲಿ ಲ್ಯಾಟಿನ್ ಬೋರ್ಡ್ ಹಾಕಿದ್ದ ಅಂತ ಒಂದು ಕಥೆ ಎಲ್ಲಾ ಕಡೆ ಓಡ್ತಿದೆ, ಬೋರ್ಡ್ ಮಾಡೋನಾಗಿ ನನಗೆ ಆ ಕಥೆ ತುಂಬಾ ಇಷ್ಟ, ಆದ್ರೆ ಇತಿಹಾಸದೋರು ಅದನ್ನ ನಂಬಲ್ಲ. ದಾಖಲೆಗಳಲ್ಲಿ ಸಿಗೋ ಹೆಸರು ಮಾತುರಾಂ ರೋಜ್ ದ ಶಾಂತ್ವಾಜೋ ಅನ್ನೋನದ್ದು. ಹೆಸರು ಯಾರದ್ದೇ ಇರಲಿ, ಅಲ್ಲಿ ಬದಲಾಗಿದ್ದು ಕೂರೋ ರೀತಿ. ಅದುವರೆಗೆ ಪ್ಯಾರಿಸ್ಸಲ್ಲಿ ಹೊರಗಡೆ ಊಟ ಅಂದ್ರೆ ಒಂದು ಉದ್ದನೇ ಮೇಜು, ಗೊತ್ತಾದ ಟೈಮು, ಯಜಮಾನ ಏನು ಮಾಡಿದ್ರೆ ಅದು, ಪಕ್ಕದಲ್ಲಿ ಯಾರು ಕೂತ್ರೂ ಕೂತ್ರು. ರೆಸ್ಟೋರೆಂಟಲ್ಲಿ ಸಣ್ಣ ಸಣ್ಣ ಟೇಬಲ್ಲು, ಯಾವಾಗ ಬೇಕಾದ್ರೂ ಬರಬಹುದು, ಬೆಲೆ ಹಾಕಿದ ಪಟ್ಟಿ ನೋಡಿ ಬೇಕಾದ್ದು ಮಾತ್ರ ಹೇಳಬಹುದು, ಹೇಳಿದ್ದಕ್ಕಷ್ಟೇ ಬಿಲ್ಲು. 1780ರ ದಶಕದಲ್ಲಿ ಆಂತ್ವಾನ್ ಬೋವಿಲಿಯೆ ಅನ್ನೋ ಬಾಣಸಿಗ ಅದನ್ನ ಒಳ್ಳೇ ಲಿನನ್, ಪಿಂಗಾಣಿ, ವೈನ್ ಪಟ್ಟಿ ಎಲ್ಲಾ ಸೇರಿಸಿ ದೊಡ್ಡೋರ ಜಾಗ ಮಾಡಿದ, ಫ್ರೆಂಚ್ ಕ್ರಾಂತಿ ಆದ್ಮೇಲೆ ಯಜಮಾನರನ್ನ ಕಳ್ಕೊಂಡ ಅರಮನೆ ಅಡುಗೆಯೋರೂ ಒಂದಷ್ಟು ಜನ ಇದೇ ದಾರಿ ಹಿಡಿದ್ರು. ಆ ರಸ ಎಲ್ಲೋ ಮರೆತುಹೋಯ್ತು, ಹೆಸರು ಮಾತ್ರ ಕಟ್ಟಡಕ್ಕೆ ಅಂಟ್ಕೊಳ್ತು.

ಇವತ್ತಿಗೂ ರೆಸ್ಟೋರೆಂಟ್ ಅಂದ್ರೆ ಗಿರಾಕಿ ನಿರೀಕ್ಷೆ ಮಾಡೋದು ಆ ನಾಕು ವಿಷಯಗಳನ್ನೇ, ತನ್ನದೇ ಟೇಬಲ್ಲು, ಕೈಗೆ ಕಾರ್ಡು, ಆರ್ಡರ್ ತಗೊಳ್ಳೋಕೆ ಜನ, ಕೂತು ಮಾತಾಡೋಕೆ ಟೈಮು. ಇದನ್ನ ಕೊಡೋಕಾದ್ರೆ ಹಾಕಿ. ಟೋಕನ್ ತಗೊಂಡು ನಿಂತ್ಕೊಂಡು ತಿನ್ನೋ ಜಾಗಕ್ಕೆ ಬೇಡ. ಇನ್ನೊಂದು ನಮ್ಮ ಕಡೆಯ ಸಮಸ್ಯೆ, ಬಾರ್ ಅಂಡ್ ರೆಸ್ಟೋರೆಂಟ್ ಅನ್ನೋ ಬೋರ್ಡುಗಳನ್ನ ನೋಡಿ ನೋಡಿ ಸಣ್ಣ ಊರುಗಳಲ್ಲಿ ರೆಸ್ಟೋರೆಂಟ್ ಅಂತ ಒಂದನ್ನೇ ಹಾಕಿದ್ರೆ ಒಳಗೆ ಡ್ರಿಂಕ್ಸ್ ಇರುತ್ತೇನೋ ಅಂತ ಹೆಂಗಸರು ಮಕ್ಕಳನ್ನ ಕರ್ಕೊಂಡು ಬರೋರು ಒಂದು ಕ್ಷಣ ಯೋಚಿಸ್ತಾರೆ. ಅದಕ್ಕೇ ಎಲ್ಲಾ ಕಡೆ ಫ್ಯಾಮಿಲಿ ರೆಸ್ಟೋರೆಂಟ್ ಅಥವಾ ಶುದ್ಧ ಸಸ್ಯಾಹಾರಿ ಅಂತ ಸೇರಿಸಿರ್ತಾರೆ, ನೀವೂ ಸೇರಿಸಿ.

ಕೆಫೆ

ಕೆಫೆ ಅಂದ್ರೆ ಫ್ರೆಂಚಲ್ಲಿ ಕಾಫಿನೂ ಹೌದು ಕಾಫಿ ಕುಡಿಯೋ ಅಂಗಡಿನೂ ಹೌದು. ಅರಬ್ಬಿಯ ಕಹ್ವಾ, ಟರ್ಕಿಯ ಕಹ್ವೆ, ಇಟಲಿಯ ಕಫ್ಫೆ, ಅಲ್ಲಿಂದ ಫ್ರೆಂಚಿನ ಕಫೆ. ಕಾಫಿ ಅನ್ನೋದು ಅದೇ ಟರ್ಕಿ ಪದ ಡಚ್ಚರ ದಾರೀಲಿ ಇಂಗ್ಲಿಷಿಗೆ ಬಂದಿದ್ದು. ಪ್ಯಾರಿಸ್ಸಿನ ಕೆಫೆ ಪ್ರೊಕೋಪ್ 1686ರದ್ದು, ತೆಗೆದೋನು ಸಿಸಿಲಿಯಿಂದ ಬಂದ ಪ್ರೊಕೋಪಿಯೋ. ಹೆಚ್ಚುಕಮ್ಮಿ ಅದೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ನಿಂದ ಏಳು ಬೀಜ ಮುಚ್ಚಿಟ್ಕೊಂಡು ಬಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದ್ರು ಅಂತ ನಮ್ಮಲ್ಲಿ ನಂಬಿಕೆ. ಹಾಗಾಗಿ ಈ ಒಂದು ವಿಷಯದಲ್ಲಿ ಪದ ಅವರದ್ದಾದ್ರೂ ಸರಕು ನಮ್ಮದು ಅಂತ ಧೈರ್ಯವಾಗಿ ಹೇಳಬಹುದು.

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಲ್ಲಿ ಕೆಫೆ ಕಾಫಿ ಡೇ ಶುರುವಾದ್ಮೇಲೆ ಈ ಪದಕ್ಕೆ ಎಸಿ, ಸೋಫಾ, ಗಂಟೆಗಟ್ಟಲೆ ಕೂರೋದು ಅನ್ನೋ ಅರ್ಥ ಸೇರ್ಕೊಳ್ತು (ಆ ಹೆಸರನ್ನ ಬಿಡಿಸಿ ನೋಡಿದ್ರೆ ಕಾಫಿ ಕಾಫಿ ಡೇ ಅಂತಾಗುತ್ತೆ, ಇರಲಿ). ಅದೇ ಊರಲ್ಲಿ ನಿಂತ್ಕೊಂಡು ಇಡ್ಲಿ ತಿನ್ನೋ ದರ್ಶಿನಿಗಳೂ ಕೆಫೆ ಅಂತ ಹಾಕೊಂಡಿವೆ, ಯಾರಿಗೂ ಗೊಂದಲ ಆಗಿಲ್ಲ. ಅಂದ್ರೆ ಈಗ ಹೊಸದಾಗಿ ತೆಗೆಯೋರಿಗೆ ಇರೋದ್ರಲ್ಲೇ ಎಲ್ಲಾ ಕಡೆ ಹೊಂದ್ಕೊಳ್ಳೋ ಪದ ಇದು, ನಿಂತು ತಿನ್ನೋ ಜಾಗಕ್ಕೂ ಸರಿ, ಲ್ಯಾಪ್‌ಟಾಪ್ ಇಟ್ಕೊಂಡು ಕೂರೋರಿಗೂ ಸರಿ, ದಾವಣಗೆರೆಯಲ್ಲೂ ನಡೆಯುತ್ತೆ, ಡಲ್ಲಾಸಲ್ಲಿರೋ ಕನ್ನಡದೋರು ತೆಗೆಯೋ ಟಿಫಿನ್ ಜಾಗಕ್ಕೂ ನಡೆಯುತ್ತೆ. ಷರತ್ತು ಒಂದೇ, ಕಾಫಿ ಚೆನ್ನಾಗಿರಬೇಕು. ಹೋಟ್ಲಲ್ಲಿ ಕಾಫಿ ಸಪ್ಪೆ ಇದ್ರೆ ದೋಸೆ ಮುಖ ನೋಡಿ ಕ್ಷಮಿಸ್ತಾರೆ, ಕೆಫೆ ಅಂತ ಬರ್ಕೊಂಡು ಚಿಕೋರಿ ನೀರು ಕೊಟ್ರೆ ಫೋನ್ ತೆಗೆದು ಅಲ್ಲೇ ರಿವ್ಯೂ ಬರೀತಾರೆ.

ಬಿಸ್ಟ್ರೋ ಮತ್ತೆ ಬ್ರಾಸರಿ

ಇವೆರಡನ್ನ ಜೊತೇಲೇ ನೋಡ್ಬೇಕು, ಯಾಕಂದ್ರೆ ಜನ ಇವನ್ನ ಸ್ಟೈಲಿಗೆ ಅಂತ ತಗೋತಾರೆ, ಆದ್ರೆ ಫ್ರಾನ್ಸಲ್ಲಿ ಇವು ಎರಡು ಬೇರೆ ಬೇರೆ ವ್ಯಾಪಾರ.

ಬಿಸ್ಟ್ರೋ ಅಂದ್ರೆ ಚಿಕ್ಕ ಜಾಗ. ಹತ್ತು ಹದಿನೈದು ಟೇಬಲ್ಲು, ಎಷ್ಟೋ ಕಡೆ ಗಂಡ ಒಳಗೆ ಹೆಂಡತಿ ಹೊರಗೆ ನೋಡ್ಕೊಳ್ಳೋ ಥರದ್ದು, ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಕೈದು ಐಟಂ, ನಿಧಾನಕ್ಕೆ ಬೇಯಿಸಿದ ಮನೆ ಅಡುಗೆ, ಸುಮಾರಾದ ರೇಟು. 1814ರಲ್ಲಿ ನೆಪೋಲಿಯನ್ ಸೋತಾಗ ಪ್ಯಾರಿಸ್ಸಿಗೆ ಬಂದ ರಷ್ಯಾದ ಸೈನಿಕರು ಬೇಗ ಬೇಗ ಅನ್ನೋಕೆ ಬಿಸ್ತ್ರ ಬಿಸ್ತ್ರ ಅಂತ ಕೂಗ್ತಿದ್ರು ಅದರಿಂದ ಈ ಹೆಸರು ಬಂತು ಅಂತ ಮೋಂಮಾರ್ತ್ರ್ ಗುಡ್ಡದ ಮೇಲೆ ಒಂದು ಹಳೇ ಅಂಗಡಿ ಗೋಡೇಲಿ ಫಲಕಾನೇ ಇದೆ. ಸಕ್ಕತ್ತಾಗಿದೆ ಆದ್ರೆ ಸುಳ್ಳಿರಬೇಕು, ಯಾಕಂದ್ರೆ ಆ ಪದ ಬರಹದಲ್ಲಿ ಕಾಣಿಸೋದೇ 1880ರ ದಶಕದಲ್ಲಿ, ಮಧ್ಯದ ಎಪ್ಪತ್ತು ವರ್ಷ ಯಾರೂ ಒಂದ್ಸಲನೂ ಬರೀದೆ ಬರೀ ಬಾಯಲ್ಲೇ ಇಟ್ಕೊಂಡಿದ್ರು ಅಂದ್ರೆ ನಂಬೋದು ಕಷ್ಟ. ಮೆನು ಕಾರ್ಡಿನ ಹಿಂದೆ ಈ ಕಥೆ ಹಾಕ್ಸೋ ಆಸೆ ಇದ್ರೆ ಹೀಗಂತಾರೆ ಅಂತ ಒಂದು ಪದ ಸೇರಿಸಿ ಹಾಕ್ಸಿ.

ಬ್ರಾಸರಿ ಅದಕ್ಕೆ ಪೂರ್ತಿ ಉಲ್ಟಾ. ಬ್ರಾಸೆ ಅಂದ್ರೆ ಬಿಯರ್ ತಯಾರಿಸೋದು, ಬ್ರಾಸರಿ ಅಂದ್ರೆ ಬಿಯರ್ ತಯಾರಾಗೋ ಜಾಗ. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸಾಸ್ ಸೀಮೆ ಜರ್ಮನಿ ಪಾಲಾದಾಗ ಅಲ್ಲಿನ ಎಷ್ಟೋ ಜನ ಊರು ಬಿಟ್ಟು ಪ್ಯಾರಿಸ್ಸಿಗೆ ಬಂದ್ರು, ಬಿಯರ್ ಜೊತೆ ಹುಳಿ ಎಲೆಕೋಸು, ಹಂದಿ ಮಾಂಸ ಬಡಿಸೋ ದೊಡ್ಡ ದೊಡ್ಡ ಹಾಲುಗಳನ್ನ ತೆಗೆದ್ರು, 1880ರಲ್ಲಿ ಶುರುವಾದ ಬ್ರಾಸರಿ ಲಿಪ್ ಅಂಥಾದ್ದೇ, ಇನ್ನೂ ಇದೆ. ಎತ್ತರದ ಚಾವಣಿ, ಕನ್ನಡಿ ಗೋಡೆ, ಗಲಾಟೆ, ಬೆಳಗ್ಗಿಂದ ರಾತ್ರಿವರೆಗೂ ಅಡುಗೆಮನೆ ಓಪನ್.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಅರ್ಥದ ಪ್ರಕಾರ ನೋಡಿದ್ರೆ ಬೆಂಗಳೂರಿನ ಮೈಕ್ರೋಬ್ರುವರಿಗಳಿಗೆ ಬ್ರಾಸರಿಗಿಂತ ಒಪ್ಪೋ ಹೆಸರು ಇನ್ನೊಂದಿಲ್ಲ, ಅಲ್ಲೇ ಬಿಯರ್ ಮಾಡ್ತಾರೆ, ದೊಡ್ಡ ಹಾಲು, ಗಲಾಟೆನೂ ಇದೆ. ಆದ್ರೂ ನಾನು ಬೇಡ ಅಂತೀನಿ. ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಒಂದು ಅಕ್ಷರ ಆಚೆ ಈಚೆ ಆದ್ರೆ ಅದು ಹೆಂಗಸರ ಒಳ ಉಡುಪಾಗುತ್ತೆ. ನನಗೆ ವಾಟ್ಸಾಪಲ್ಲಿ ಬಂದ ಮ್ಯಾಟರಲ್ಲೇ ಒಂದ್ಸಲ ಹಾಗೆ ಇತ್ತು, ಪುಣ್ಯಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಹೋಗೋಕೆ ಮುಂಚೆ ಕಣ್ಣಿಗೆ ಬಿತ್ತು, ಮಾಲೀಕರಿಗೆ ಫೋನ್ ಮಾಡಿ ಹೆಂಗೆ ಹೇಳೋದು ಅಂತ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಒಳ ಉಡುಪಿನ ಪದಾನೂ ಫ್ರೆಂಚೇ, ಬ್ರಾ ಅಂದ್ರೆ ತೋಳು, ಅಲ್ಲಿ ಮೊದಲು ಅದು ತೋಳಿರೋ ಒಂದು ಅಂಗಿಯ ಹೆಸರು, ಬಿಯರಿಗೂ ಅದಕ್ಕೂ ಯಾವ ಸಂಬಂಧಾನೂ ಇಲ್ಲ.

ಬಿಸ್ಟ್ರೋ ಬೇಕಾದ್ರೆ ಹಾಕಿ, ಆದ್ರೆ ಚಿಕ್ಕ ಜಾಗಕ್ಕೆ ಮಾತ್ರ, ಮೆನು ಚಿಕ್ಕದಿದ್ರೆ ಮಾತ್ರ. ನೂರೈವತ್ತು ಐಟಂ ಇರೋ, ಗೋಬಿ ಮಂಚೂರಿಯಿಂದ ಹಿಡಿದು ಬಿಸಿಬೇಳೆಬಾತ್ ತನಕ ಸಿಗೋ ಜಾಗಕ್ಕೆ ಬಿಸ್ಟ್ರೋ ಅಂತ ಹಾಕಿದ್ರೆ ಗೊತ್ತಿರೋರು ನಗ್ತಾರೆ, ಗೊತ್ತಿಲ್ಲದೋರು ಅದೇನು ಬಿಸ್ಕೆಟ್ ಅಂಗಡಿನಾ ಅಂತಾರೆ.

ಕ್ಯಾಂಟೀನ್, ಮೆಸ್

ಇವೆರಡೂ ಕಡಿಮೆ ರೇಟಿನ ಪದಗಳು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಮೂಲ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಕ್ಯಾಂಟೀನ್ ಇಟಲಿಯ ಕಾಂತಿನಾ, ಅಂದ್ರೆ ವೈನ್ ಇಡೋ ನೆಲಮಾಳಿಗೆ. ಫ್ರೆಂಚರ ಸೈನ್ಯದಲ್ಲಿ ಅದು ಸಿಪಾಯಿಗಳಿಗೆ ಕುಡಿಯೋಕೆ ತಿನ್ನೋಕೆ ಮಾರೋ ಅಂಗಡಿ ಆಯ್ತು, ಇಂಗ್ಲಿಷ್ ಸೈನ್ಯ ತಗೊಳ್ತು, ಆಮೇಲೆ ಫ್ಯಾಕ್ಟರಿ, ಕಾಲೇಜು, ಆಫೀಸು. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ ಆ ಹೆಸರಿಗೆ ವಿವರಣೆ ಬೇಕೇ ಆಗ್ಲಿಲ್ಲ, ಕ್ಯಾಂಟೀನ್ ಅಂದ ತಕ್ಷಣ ಕಡಿಮೆ ದುಡ್ಡು, ಕ್ಯೂ, ಬೇಗ ಅಂತ ಜನಕ್ಕೆ ಗೊತ್ತಾಯ್ತು. ಮೆಸ್ ಅನ್ನೋದು ಹಳೇ ಫ್ರೆಂಚಿನ ಮೆಸ್, ಮೇಜಿನ ಮೇಲೆ ತಂದಿಟ್ಟ ಒಂದು ಪಾಲು ಊಟ, ಲ್ಯಾಟಿನ್ನಲ್ಲಿ ಕಳಿಸಿದ್ದು ಅಂತ ಅರ್ಥ, ಮೆಸೇಜ್ ಕೂಡ ಅದೇ ಬೇರಿಂದ. ಒಟ್ಟಿಗೆ ಕೂತು ಉಣ್ಣೋ ಗುಂಪು ಅನ್ನೋ ಅರ್ಥ ಆಮೇಲಿಂದು. ಇಂಗ್ಲಿಷಲ್ಲಿ ಗಲೀಜು ಅನ್ನೋ ಅರ್ಥ ಇನ್ನೂ ಆಮೇಲೆ, ಬೆರಕೆ ಊಟದಿಂದ ಬಂದಿದ್ದು, ಹಾಗಾಗಿ ಧಾರವಾಡದಲ್ಲೋ ಮೈಸೂರಲ್ಲೋ ಸ್ಟೂಡೆಂಟ್ಸ್‌ಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕೋರು ಮೆಸ್ ಅಂತ ಹಾಕೋಕೆ ಮುಜುಗರ ಪಡಬೇಕಾಗಿಲ್ಲ. ತಿಂಗಳ ಕಾರ್ಡು, ದಿನಾ ಅದೇ ಮುಖಗಳು ಅಂದ್ರೆ ಮೆಸ್. ಬಂದು ಹೋಗೋ ಗಿರಾಕಿ, ಕೌಂಟರಲ್ಲಿ ದುಡ್ಡು ಅಂದ್ರೆ ಕ್ಯಾಂಟೀನ್. ಉತ್ತರ ಕರ್ನಾಟಕದ ಕಡೆ ರೊಟ್ಟಿ ಊಟ ಅಂದ್ರೆ ಎರಡೂ ಬಿಟ್ಟು ಖಾನಾವಳಿ ಅಂತಾನೇ ಹಾಕಿ, ಅದು ಫ್ರೆಂಚಲ್ಲ ಆದ್ರೆ ಅದರಷ್ಟು ಹಸಿವು ಹುಟ್ಸೋ ಬೋರ್ಡು ಇನ್ನೊಂದಿಲ್ಲ.

ಬೇಕರಿಯೋರು ಈಗ ಪಾಟಿಸರಿ ಅಂತ ಹಾಕ್ಸೋಕೆ ಬರ್ತಾರೆ. ಪಾತ್ ಅಂದ್ರೆ ಕಲಸಿದ ಹಿಟ್ಟು, ಪೇಸ್ಟ್, ಪೇಸ್ಟ್ರಿ ಎಲ್ಲಾ ಆ ಮನೆತನಾನೇ. ಪಾಟಿಸರಿ ಅಂದ್ರೆ ಕೇಕು, ಕ್ರೀಮು, ಸಿಹಿ. ಬ್ರೆಡ್ ಮಾಡೋ ಅಂಗಡಿ ಅಲ್ಲಿ ಬೂಲಾಂಜರಿ, 1998ರ ಕಾನೂನಿನ ಪ್ರಕಾರ ಹಿಟ್ಟು ನಾದೋದು ಬೇಯಿಸೋದು ಅದೇ ಜಾಗದಲ್ಲಿ ಮಾಡದಿದ್ರೆ ಆ ಹೆಸರು ಹಾಕೋ ಹಾಗಿಲ್ಲ. ನಿಮ್ಮಲ್ಲಿ ಖಾರಾ ಬನ್ನು, ದಿಲ್ ಪಸಂದು, ಎಗ್ ಪಫ್ಸು ಓಡೋದಾದ್ರೆ ಬೇಕರಿ ಅನ್ನೋದೇ ಚಂದ.

ಒಳಗಡೆ, ಕಾರ್ಡಿನ ಮೇಲೆ

ಬೋರ್ಡ್ ಆಯ್ತು. ಮೆನು ಅನ್ನೋದಕ್ಕೆ ಫ್ರೆಂಚಲ್ಲಿ ಮೂಲ ಅರ್ಥ ಸಣ್ಣದು, ವಿವರವಾದ್ದು ಅಂತ, ಮಿನಿಟ್ ಅನ್ನೋ ಪದದ ನೆಂಟ. ಊಟದ ವಿವರದ ಪಟ್ಟಿ ಹೋಗಿ ಹೋಗಿ ಬರೀ ಮೆನು ಆಯ್ತು. ಆದ್ರೆ ಫ್ರಾನ್ಸಿಗೆ ಹೋಗಿ ಮೆನು ಕೊಡಿ ಅಂತ ಕೇಳಿದ್ರೆ ಅವರು ಸೆಟ್ ಊಟ ಬೇಕು ಅಂತ ಅರ್ಥ ಮಾಡ್ಕೋತಾರೆ, ಇಷ್ಟು ದುಡ್ಡಿಗೆ ಶುರುವಿಂದು, ಮಧ್ಯದ್ದು, ಸಿಹಿ ಎಲ್ಲಾ ಸೇರಿ ಅಂತ. ಪಟ್ಟಿ ಬೇಕಂದ್ರೆ ಕಾರ್ತ್ ಅಂತ ಕೇಳ್ಬೇಕು. ಆ ಲಾ ಕಾರ್ಟ್ ಅನ್ನೋದು ಅದೇ, ಪಟ್ಟಿ ನೋಡಿ ಒಂದೊಂದೇ ಹೇಳೋದು. ಅದಕ್ಕೆ ಎದುರು ತಾಬ್ಲ್ ದೋತ್, ಯಜಮಾನನ ಮೇಜು, ಅಂದ್ರೆ ಮೇಲೆ ಹೇಳಿದ್ನಲ್ಲ ಆ ಉದ್ದನೇ ಮೇಜಿನ ಊಟ. ನಮ್ಮ ಫುಲ್ ಮೀಲ್ಸ್ ಸರಿಯಾಗಿ ಅದೇ. ಕಾರ್ಡಲ್ಲಿ ಆ ಲಾ ಕಾರ್ಟ್ ಹಾಕಬಹುದು, ಕೇಟರಿಂಗಿನೋರಿಗೆಲ್ಲಾ ಗೊತ್ತು, ಆದ್ರೆ ತಾಬ್ಲ್ ದೋತ್ ಹಾಕಿ ಸಪ್ಲೈಯರ್ ಹುಡುಗನಿಗೆ ಯಾಕೆ ತೊಂದರೆ, ಊಟ ಅಂತ ಬರೀರಿ ಸಾಕು.

ಬಫೆ ಅಂದ್ರೆ ಅಲ್ಲಿ ಮೊದಲು ತಟ್ಟೆ ಲೋಟ ಜೋಡಿಸಿಡೋ ಬೀರು, ಆಮೇಲೆ ಅದರ ಮೇಲಿಟ್ಟ ಊಟ, ಆಮೇಲೆ ರೈಲ್ವೆ ಸ್ಟೇಷನ್ನಿನ ಊಟದ ಮನೆಗೂ ಅದೇ ಹೆಸರು. ಪ್ಯಾರಿಸ್ಸಿನ ಲಿಯೋಂ ಸ್ಟೇಷನ್ನಲ್ಲಿ 1901ರಲ್ಲಿ ತೆರೆದ ಬಫೆಯ ಚಾವಣಿ ತುಂಬಾ ಚಿನ್ನದ ಬಣ್ಣ, ಚಿತ್ರಗಳು, ಅರಮನೆ ಇದ್ದಂಗಿದೆ. ನಮ್ಮಲ್ಲಿ ಬಫೆ ಅಂದ್ರೆ ಮದುವೆ ಮನೇಲಿ ತಟ್ಟೆ ಹಿಡ್ಕೊಂಡು ನಿಲ್ಲೋದು. ಪಂಕ್ತಿನೂ ಇದ್ರೆ ಕಾರ್ಡಲ್ಲಿ ಎರಡನ್ನೂ ಬರೀರಿ, ವಯಸ್ಸಾದೋರು ಅದನ್ನ ನೋಡಿಯೇ ಬರೋದು.

ಕಟ್ಲೆಟ್ ಬಗ್ಗೆ ಹೇಳದಿದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಫ್ರೆಂಚಲ್ಲಿ ಕೋತ್ ಅಂದ್ರೆ ಪಕ್ಕೆಲುಬು, ಕೋತ್‌ಲೆತ್ ಅಂದ್ರೆ ಚಿಕ್ಕ ಪಕ್ಕೆಲುಬು, ಮೂಳೆ ಸಮೇತ ಇರೋ ಮಾಂಸದ ತುಂಡು. ಅದು ಇಂಗ್ಲಿಷಿಗೆ ಬಂದು ಕಟ್ ಅನ್ನೋದರ ಥರ ಕೇಳಿಸ್ಕೊಂಡು ಕಟ್ಲೆಟ್ ಆಯ್ತು, ನಮ್ಮ ರೈಲಲ್ಲಿ ಮೂಳೆ ಮಾಂಸ ಎರಡೂ ಹೋಗಿ ಬೀಟ್‌ರೂಟು ಆಲೂಗಡ್ಡೆ ಬಂತು. ವೆಜ್ ಕಟ್ಲೆಟ್ ಅಂದ್ರೆ ತರಕಾರಿಯ ಪುಟ್ಟ ಪಕ್ಕೆಲುಬು ಅಂತಾಯ್ತು. ಇದನ್ನ ತಿದ್ದೋಕೆ ಹೋಗ್ಬೇಡಿ, ಅದು ಈಗ ನಮ್ಮದೇ ಐಟಂ. ಆದ್ರೆ ಆಂತ್ರೆ ಅನ್ನೋದನ್ನ ಮಾತ್ರ ಬಿಟ್ಬಿಡಿ, ಫ್ರಾನ್ಸಲ್ಲಿ ಅದು ಊಟದ ಶುರುವಿಗೆ ಬರೋದು, ಅಮೆರಿಕದಲ್ಲಿ ಅದೇ ಪದಕ್ಕೆ ಮುಖ್ಯ ಊಟ ಅನ್ನೋ ಅರ್ಥ. ಅಮೆರಿಕದಿಂದ ರಜಕ್ಕೆ ಬಂದೋರು ಒಂದು ತಿಳ್ಕೋತಾರೆ, ಕೇಟರಿಂಗ್ ಕಾಲೇಜಲ್ಲಿ ಓದಿದ ನಿಮ್ಮ ಶೆಫ್ ಇನ್ನೊಂದು ತಿಳ್ಕೊಂಡಿರ್ತಾನೆ.

ಶೆಫ್ ಅಂದ್ನಲ್ಲ, ಅದೂ ಚೀಫ್ ಅನ್ನೋದೂ ಒಂದೇ ಪದ, ತಲೆ ಅಂತ ಅರ್ಥ. ಹಳೇ ಕಾಲದಲ್ಲಿ ಫ್ರೆಂಚರು ಚ ಅಂತಿದ್ರು, ಆಗ ಬಂದಿದ್ದು ಚೀಫ್, ಚೇರು, ಚಾನ್ಸು, ಚಾರ್ಜು. ಆಮೇಲೆ ಅವರ ಬಾಯಲ್ಲಿ ಅದು ಶ ಆಯ್ತು, ಆಗ ಬಂದಿದ್ದು ಶೆಫ್, ಮಷೀನು, ಬ್ರೋಷರು, ಶಾಂಪೇನು. ಚ ಇದ್ರೆ ಹಳೇದು, ಶ ಇದ್ರೆ ಹೊಸದು, ಹೆಚ್ಚುಕಮ್ಮಿ ಈ ಲೆಕ್ಕ ಸರಿ ಹೋಗುತ್ತೆ. ಕರ್ಚೀಫಲ್ಲಿರೋ ಚೀಫೂ ಅದೇ ತಲೆ, ಕೂವ್ರ್ ಶೆಫ್, ತಲೆಗೆ ಹೊದಿಯೋ ಬಟ್ಟೆ, ನಾವು ಮೂಗೊರೆಸ್ಕೋತೀವಿ.

ರೂಮು ಕೊಡೋರಿಗೆ

ಮೇಲೆ ರೂಮು ಕೆಳಗೆ ಊಟ ಇದ್ರೆ ಲಾಡ್ಜ್ ಅನ್ನೋದೇ ಸ್ಪಷ್ಟ. ಅದೂ ಹಳೇ ಫ್ರೆಂಚಿನ ಲೋಜ್, ಎಲೆ ಕೊಂಬೆಯ ಗುಡಿಸಲು. ಆದ್ರೆ ದೊಡ್ಡ ಊರುಗಳಲ್ಲಿ ಲಾಡ್ಜ್ ಅನ್ನೋ ಪದದ ಮರ್ಯಾದೆ ಸ್ವಲ್ಪ ಇಳಿದಿದೆ, ಕುಟುಂಬದೋರು ಬೇಕಂದ್ರೆ ಇಲ್ಲಿ ಮಾತ್ರ ಹೋಟೆಲ್ ಅನ್ನೋದನ್ನ ಅದರ ಮೂಲ ಅರ್ಥದಲ್ಲಿ ಬಳಸಿ, ಹೆಸರಿನ ಜೊತೆ ವಸತಿ ಅಂತ ಸೇರಿಸಿ. ಡಿಲಕ್ಸ್ ಅಂದ್ರೆ ಐಷಾರಾಮದ್ದು, ಹಾಗಾಗಿ ಸೆಮಿ ಡಿಲಕ್ಸ್ ಅಂದ್ರೆ ಅರ್ಧ ಐಷಾರಾಮ, ಗಿರಾಕಿಗಳಿಗೆ ಅದರ ಅರ್ಥ ಎಸಿ ಇಲ್ಲ ಟಿವಿ ಇದೆ ಅಂತ ಚೆನ್ನಾಗೇ ಗೊತ್ತು.

ಕನ್ನಡದಲ್ಲಿ ಹೆಂಗೆ ಬರೆಯೋದು

ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ್ಮೇಲೆ ಬೋರ್ಡಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕು, ಹಾಗಾಗಿ ಇದು ಸುಮ್ನೆ ಬಿಡೋ ವಿಷಯ ಅಲ್ಲ. ಕೊನೇ ಟಕಾರ ಬರೀಬೇಕಾ ಬೇಡ್ವಾ ಅನ್ನೋದೇ ದೊಡ್ಡ ಗಲಾಟೆ. ಇಂಗ್ಲಿಷಿಗೆ ಹಿಂದೆ ಸಾಲ ಬಂದ ಪದಗಳಲ್ಲಿ ಟ ಉಳ್ಕೊಂಡಿದೆ, ಬಜೆಟ್, ಪ್ಯಾಕೆಟ್, ಟಿಕೆಟ್. ಆಮೇಲೆ ಬಂದ ಪದಗಳಲ್ಲಿ ಹೋಗಿದೆ, ಬಫೆ, ಡಿಪೋ, ಬ್ಯಾಲೆ. ಬಫೆಟ್ ಅಂತ ಬರೆಸ್ಬೇಡಿ, ಇಂಗ್ಲಿಷಲ್ಲಿ ಹಾಗೆ ಟ ಸೇರಿಸಿ ಹೇಳೋ ಪದಕ್ಕೆ ಏಟು ಕೊಡೋದು ಅಂತ ಅರ್ಥ. ರೆಸ್ಟೋರೆಂಟ್, ರೆಸ್ಟಾರೆಂಟ್ ಎರಡೂ ನಡೆಯುತ್ತೆ, ಬೋರ್ಡಲ್ಲಿ ಒಂದು ಕಾರ್ಡಲ್ಲಿ ಇನ್ನೊಂದು ಆಗ್ಬಾರ್ದು ಅಷ್ಟೇ. ಕೆಫೆಗೆ ದೀರ್ಘ ಬೇಡ. ಇಂಗ್ಲಿಷಲ್ಲಿ ನಿಮ್ಮನ್ನ ನೀವು ರೆಸ್ಟೋರೆಂಟ್ ಮಾಲೀಕ ಅಂತ ವಿಸಿಟಿಂಗ್ ಕಾರ್ಡಲ್ಲಿ ಹಾಕ್ಸೋದಾದ್ರೆ ರೆಸ್ಟೊರಟರ್, ಮಧ್ಯೆ ನಕಾರ ಇಲ್ಲ, ಚೇತರಿಸುವವನು ಅಂತ ಅರ್ಥ.

ಪ್ರೂಫ್ ಬಂದ್ಮೇಲೆ ಅದನ್ನ ಮನೆಯೋರಿಗಲ್ಲ, ಗಲ್ಲಾದಲ್ಲಿ ಕೂರೋರಿಗೆ ಮತ್ತೆ ಪಾರ್ಸಲ್ ಕಟ್ಟೋ ಹುಡುಗನಿಗೆ ತೋರ್ಸಿ ಜೋರ್ ಓದ್ಸಿ. ದಿನಾ ಫೋನೆತ್ತಿ ಆ ಹೆಸರು ಹೇಳೋರು ಅವ್ರೇ, ಅವರ ನಾಲಿಗೆ ತಡವರಿಸಿದ್ರೆ ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಡಿ, ಇನ್ನೊಂದು ಪದ ನೋಡೋಣ.